‘8 ಮತ್ತು ಮೇಲಿನದು’: ಹೊಂದಾಣಿಕೆ ಪಟ್ಟಿಯ ಒಂದು ಸಾಲಿನ ಪ್ರಕರಣ

2024ರ ನವೆಂಬರ್ 12ಕ್ಕೆ ಇಎಫ್ ಕೋರ್ 9 ಹೊರಬಂತು. ಅದಾಗಿ ಎರಡು ವಾರ ಕಳೆದಿರಲಿಲ್ಲ, ನಮ್ಮ ಲೈಬ್ರರಿ ಬಳಸುವವರೊಬ್ಬರಿಂದ ದೂರು ಬಂತು. ಬರೆದಿದ್ದು ನಾಲ್ಕೇ ಸಾಲು. ‘ನಿಮ್ಮ ರೀಡ್‌ಮಿ ಓದಿಯೇ ಅಪ್‌ಗ್ರೇಡ್ ಮಾಡಿದೆ. ಬಿಲ್ಡ್ ಆಯ್ತು. ಒಂದು ವಾರ್ನಿಂಗ್ ಕೂಡ ಇರಲಿಲ್ಲ. ಸರ್ವರಿಗೆ ಹಾಕಿದ ಮೇಲೆ ಮೊದಲ ರಿಕ್ವೆಸ್ಟಿಗೇ ಬಿತ್ತು.’ ಕೆಳಗೆ ಎರರ್ ಲಾಗ್ ಅಂಟಿಸಿದ್ದರು.

ನಮ್ಮದು ಚಿಕ್ಕ ತಂಡ. ಒಂದು ಡೇಟಾಬೇಸ್‌ಗೆ ಇಎಫ್ ಕೋರ್ ಪ್ರೊವೈಡರ್ ಬರೆದು ನೋಡಿಕೊಳ್ಳುತ್ತೇವೆ. ಇಎಫ್ ಕೋರ್ ಅಂದರೆ ಎಂಟಿಟಿ ಫ್ರೇಮ್‌ವರ್ಕ್ ಕೋರ್, ಮೈಕ್ರೋಸಾಫ್ಟಿನ ಡಾಟ್‌ನೆಟ್ ಜಗತ್ತಿನಲ್ಲಿ ಕೋಡಿನಿಂದ ಡೇಟಾಬೇಸಿಗೆ ಹೋಗುವ ಹೆದ್ದಾರಿ. ಆದರೆ ಯಾವ ಡೇಟಾಬೇಸಿನ ಭಾಷೆಯೂ ಅದಕ್ಕೆ ತಾನಾಗಿ ಬರುವುದಿಲ್ಲ. ಸಿ ಶಾರ್ಪ್‌ನಲ್ಲಿ ಬರೆದ ಕ್ವೆರಿಯನ್ನು ಆಯಾ ಡೇಟಾಬೇಸಿಗೆ ತಿಳಿಯುವ ಎಸ್‌ಕ್ಯೂಎಲ್ ಮಾಡಿಕೊಡುವುದು ಪ್ರೊವೈಡರ್ ಕೆಲಸ. ಈ ಕೆಲಸಕ್ಕಾಗಿ ಪ್ರೊವೈಡರ್ ಫ್ರೇಮ್‌ವರ್ಕಿನ ಒಳಗಿನ ಕ್ಲಾಸುಗಳನ್ನೇ ಹಿಡಿದುಕೊಂಡಿರುತ್ತದೆ. ಸಾಮಾನ್ಯ ಅಪ್ಲಿಕೇಶನ್ ಮುಂಬಾಗಿಲಿನಿಂದ ಬಂದು ಹೋಗುತ್ತದೆ. ಪ್ರೊವೈಡರ್ ಇರುವುದು ಮನೆಯೊಳಗೆ, ಗೋಡೆ ಕಂಬಗಳಿಗೆ ಅಂಟಿಕೊಂಡು. ಹಾಗಾಗಿ ಫ್ರೇಮ್‌ವರ್ಕಿನಲ್ಲಿ ಒಂದು ಕಂಬ ಸರಿದರೂ ಅದರ ಪೆಟ್ಟು ಮೊದಲು ತಗಲುವುದು ಪ್ರೊವೈಡರಿಗೆ.

ರೀಡ್‌ಮಿ ಅಂದರೆ ಲೈಬ್ರರಿಯ ಜೊತೆ ಬರುವ ಪರಿಚಯದ ಪುಟ. ಅದರಲ್ಲಿ ಅವರು ಓದಿದ ಸಾಲು ಇದು: ‘ಬೇಕಾಗುವುದು: ಡಾಟ್‌ನೆಟ್ 8 ಮತ್ತು ಮೇಲಿನದು.’

ಈ ಸಾಲು ಸುಳ್ಳಲ್ಲ. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅದೇ.

ಎರರ್ ಏನು ಹೇಳುತ್ತಿತ್ತು

ಲಾಗಿನಲ್ಲಿ ಇದ್ದದ್ದು ಟೈಪ್‌ಲೋಡ್‌ಎಕ್ಸೆಪ್ಷನ್, ಅಂದರೆ ಒಂದು ಕ್ಲಾಸನ್ನು ಲೋಡ್ ಮಾಡಲು ಆಗಲಿಲ್ಲ ಎಂಬ ಎರರ್. ಡೇಟಾಬೇಸಿನ ರಚನೆಯಲ್ಲಿ ಆದ ಬದಲಾವಣೆಗಳ ಲೆಕ್ಕ ಇಡುವ ನಮ್ಮ ಹಿಸ್ಟರಿ ರೆಪಾಸಿಟರಿ ಕ್ಲಾಸಿನಲ್ಲಿ ‘ಲಾಕ್‌ರಿಲೀಸ್‌ಬಿಹೇವಿಯರ್’ ಎಂಬ ಪ್ರಾಪರ್ಟಿಗೆ ಇಂಪ್ಲಿಮೆಂಟೇಶನ್ ಇಲ್ಲ ಎಂದು ಅದರ ಗೋಳು. ಆ ಹೆಸರನ್ನು ನಮ್ಮ ಕೋಡಿನಲ್ಲಿ ಹುಡುಕಿದೆ. ಎಲ್ಲೂ ಇಲ್ಲ. ಇರುವುದಕ್ಕೂ ಸಾಧ್ಯವಿಲ್ಲ, ಯಾಕಂದರೆ ಅದು ಹುಟ್ಟಿದ್ದೇ ಇಎಫ್ ಕೋರ್ 9ರಲ್ಲಿ.

ಹಿನ್ನೆಲೆ ಹೀಗಿದೆ. ಎರಡು ಸರ್ವರುಗಳು ಒಂದೇ ಸಲ ಎದ್ದು, ಎರಡೂ ಅದೇ ಡೇಟಾಬೇಸಿನ ಮೇಲೆ ಮೈಗ್ರೇಶನ್ (ಕೋಡಿಗೆ ತಕ್ಕಂತೆ ಡೇಟಾಬೇಸಿನ ರಚನೆ ಬದಲಾಯಿಸುವ ಕೆಲಸ) ಓಡಿಸಿದರೆ ಡೇಟಾಬೇಸ್ ಹಾಳಾಗಬಹುದು. ಅದನ್ನು ತಡೆಯಲು 9ರಲ್ಲಿ ಮೈಗ್ರೇಶನ್ ಶುರುವಾಗುವ ಮೊದಲೇ ಡೇಟಾಬೇಸಿಗೆ ಬೀಗ ಹಾಕುವ ಏರ್ಪಾಡು ಬಂತು. ಎಸ್‌ಕ್ಯೂಎಲ್ ಸರ್ವರ್ ಪ್ರೊವೈಡರ್ ಇದಕ್ಕೆ ಡೇಟಾಬೇಸಿನದೇ ಅಪ್ಲಿಕೇಶನ್ ಲಾಕ್ ಬಳಸುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಅಂಥ ಸೌಲಭ್ಯ ಇಲ್ಲದ ಕಾರಣ ಅಲ್ಲಿ ಒಂದು ಟೇಬಲನ್ನೇ ಬೀಗದ ಹಾಗೆ ಬಳಸುತ್ತಾರೆ. ಯಾವ ಡೇಟಾಬೇಸಿಗೆ ಯಾವ ಬೀಗ ಅನ್ನುವುದು ಫ್ರೇಮ್‌ವರ್ಕಿಗೆ ಗೊತ್ತಾಗದು, ಪ್ರೊವೈಡರ್ರೇ ಹೇಳಬೇಕು. ಅದಕ್ಕೇ ಹಿಸ್ಟರಿ ರೆಪಾಸಿಟರಿಯ ಮೂಲ ಕ್ಲಾಸಿಗೆ ಹೊಸ ಅಬ್‌ಸ್ಟ್ರಾಕ್ಟ್ ಸದಸ್ಯರು (ಪ್ರತಿ ಪ್ರೊವೈಡರೂ ತುಂಬಲೇಬೇಕಾದ ಖಾಲಿ ಜಾಗಗಳು) ಸೇರಿದರು. ಬದಲಾವಣೆ ಒಳ್ಳೆಯದೇ, ಆ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಆದರೆ 8ಕ್ಕೆ ಕಂಪೈಲ್ ಆಗಿ ಕೂತ ನಮ್ಮ ಡಿಎಲ್‌ಎಲ್ ಎಂಬ ಲೈಬ್ರರಿ ಫೈಲಿನಲ್ಲಿ ಆ ಸದಸ್ಯರು ಇರಲಿಲ್ಲ.

ಹಾಗಾದರೆ ಬಿಲ್ಡ್ ಹೇಗೆ ಆಯಿತು? ಈ ಪ್ರಶ್ನೆ ಕೇಳುವವರು ಬಹಳ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಕಂಪೈಲರ್ ನೋಡುವುದು ನಿಮ್ಮ ಕೋಡನ್ನು. ನಮ್ಮ ಲೈಬ್ರರಿ ಅದರ ಕೈಗೆ ಬರುವ ಹೊತ್ತಿಗೆ ಆಗಲೇ ಬೆಂದ ಅಡುಗೆ. ನಮ್ಮ ಕ್ಲಾಸು ಹೊಸ ಮೂಲ ಕ್ಲಾಸಿನ ಎಲ್ಲ ಶರತ್ತುಗಳನ್ನೂ ಪೂರೈಸುತ್ತದೋ ಇಲ್ಲವೋ ಎಂದು ಕಂಪೈಲರ್ ಮತ್ತೆ ತಪಾಸಣೆ ಮಾಡುವುದಿಲ್ಲ. ಅದನ್ನು ನೋಡುವುದು ರನ್‌ಟೈಮ್, ಅಂದರೆ ಪ್ರೋಗ್ರಾಮನ್ನು ಓಡಿಸುವ ಡಾಟ್‌ನೆಟ್ ಭಾಗ, ಅದೂ ಆ ಟೈಪನ್ನು ಮೊದಲ ಸಲ ಲೋಡ್ ಮಾಡುವ ಗಳಿಗೆಯಲ್ಲಿ. ಅಪ್ಲಿಕೇಶನ್ ಎದ್ದು, ಮೊದಲ ರಿಕ್ವೆಸ್ಟ್ ಬಂದು, ಡೇಟಾಬೇಸಿನ ಜೊತೆ ಮಾತಾಡುವ ಡಿಬಿಕಾಂಟೆಕ್ಸ್ಟ್ ಎಂಬ ಕ್ಲಾಸು ತನ್ನ ಸರ್ವೀಸುಗಳನ್ನು ಜೋಡಿಸಿಕೊಳ್ಳಲು ಹೋದಾಗ ಆ ಗಳಿಗೆ ಬಂತು. ಅವರ ಅಪ್ಲಿಕೇಶನ್ ಸರ್ವರಿನಲ್ಲಿ ಮೈಗ್ರೇಶನ್ ಓಡಿಸುತ್ತಲೇ ಇರಲಿಲ್ಲ. ಆದರೂ ಬಿತ್ತು.

ಒಂದು ಸಾಲು, ಎರಡು ಓದು

ಆ ಸಾಲು ಬರೆದಿದ್ದು ನನ್ನ ಜೊತೆಗಾರರು. ಕರೆ ಮಾಡಿ ಕೇಳಿದೆ. ‘ನಾನು ಬರೆದದ್ದು ರನ್‌ಟೈಮ್ ಬಗ್ಗೆ. ನಮ್ಮ ಡಿಎಲ್‌ಎಲ್ ಡಾಟ್‌ನೆಟ್ 8ಕ್ಕೆ ಬಿಲ್ಡ್ ಆಗಿದೆ, ಡಾಟ್‌ನೆಟ್ 9ರಲ್ಲೂ ಓಡುತ್ತೆ. ಅದು ನಿಜ ತಾನೇ?’ ಅಂದರು. ನಿಜವೇ. ಡಾಟ್‌ನೆಟ್ 9 ಹಾಕಿ, ಇಎಫ್ ಕೋರ್ ಮಾತ್ರ 8ರಲ್ಲೇ ಇಟ್ಟು ಓಡಿಸಿ ನೋಡಿದೆ. ಏನೂ ತೊಂದರೆ ಇಲ್ಲ.

ಆದರೆ ಓದುವವರು ಅದನ್ನು ಹಾಗೆ ಓದಲಿಲ್ಲ. ಅವರು ಇದ್ದದ್ದು ಡಾಟ್‌ನೆಟ್ 8ರಲ್ಲೇ, ಬದಲಾಯಿಸಿದ್ದು ಇಎಫ್ ಕೋರ್ ಮಾತ್ರ. ಇಎಫ್ ಕೋರ್ 9 ಡಾಟ್‌ನೆಟ್ 8ರ ಮೇಲೂ ಓಡುತ್ತದೆ, ಹಾಗಾಗಿ ಆ ನಡೆ ಪೂರ್ತಿ ಸರಿ. ‘8 ಮತ್ತು ಮೇಲಿನದು’ ಅಂತ ಬರೆದಿದ್ದಾರೆ, 9 ಅಂದರೆ ಮೇಲಿನದು, ಸರಿ ಅಂದುಕೊಂಡರು. ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಈ ಗೊಂದಲ ಯಾಕೆ ಇಷ್ಟು ಸುಲಭ ಅನ್ನುವುದಕ್ಕೆ ಅಂಕಿಗಳನ್ನೇ ನೋಡಿ. ಇಎಫ್ ಕೋರ್ 6ಕ್ಕೆ ಡಾಟ್‌ನೆಟ್ 6 ಬೇಕು. ಇಎಫ್ ಕೋರ್ 7ಕ್ಕೂ ಡಾಟ್‌ನೆಟ್ 6 ಸಾಕು. 8ಕ್ಕೆ 8 ಬೇಕು. 9ಕ್ಕೆ ಮತ್ತೆ 8 ಸಾಕು. 10ಕ್ಕೆ ಮಾತ್ರ 10 ಬೇಕೇ ಬೇಕು. ಎರಡೂ ಅಂಕಿಗಳು ಪ್ರತಿ ನವೆಂಬರಿನಲ್ಲಿ ಒಟ್ಟಿಗೆ ಏರುವುದರಿಂದ ಅವು ಒಂದೇ ಅಂತ ಕಾಣುತ್ತದೆ. ಒಂದೇ ಅಲ್ಲ. ಹಿಂದಿನ ಕಾಲದಲ್ಲಿ ಇನ್ನೂ ಸಿಕ್ಕು: 2019ರ ಸೆಪ್ಟೆಂಬರಿನಲ್ಲಿ ಬಂದ ಇಎಫ್ ಕೋರ್ 3.0 ಡಾಟ್‌ನೆಟ್ ಸ್ಟ್ಯಾಂಡರ್ಡ್ (ಬೇರೆ ಬೇರೆ ಡಾಟ್‌ನೆಟ್‌ಗಳಿಗೆ ಸಾಮಾನ್ಯವಾದ ಒಪ್ಪಂದ) 2.1 ಕೇಳುತ್ತಿತ್ತು. ಅದೇ ಡಿಸೆಂಬರಿನಲ್ಲಿ ಬಂದ 3.1 ಹಿಂದಕ್ಕೆ ಸರಿದು 2.0ಕ್ಕೆ ಒಪ್ಪಿತು. 5.0 ಮತ್ತೆ 2.1 ಕೇಳಿತು. ಇದನ್ನು ಊಹೆಯಿಂದ ಬರೆಯಲು ಆಗದು, ನೋಡಿಯೇ ಬರೆಯಬೇಕು.

ಇಎಫ್ ಕೋರ್‌ನ ಅಧಿಕೃತ ದಾಖಲೆಯಲ್ಲಿ ಒಂದು ಮಾತು ಸ್ಪಷ್ಟವಾಗಿದೆ: ಪ್ರೊವೈಡರುಗಳು ಸಾಮಾನ್ಯವಾಗಿ ಮೈನರ್ ಆವೃತ್ತಿಗಳ ನಡುವೆ (3.0ರಿಂದ 3.1ರ ಹಾಗೆ) ನಡೆಯುತ್ತವೆ, ಮೇಜರ್ ಆವೃತ್ತಿ (8ರಿಂದ 9ರ ಹಾಗೆ) ದಾಟಿದರೆ ನಡೆಯುವುದಿಲ್ಲ. ನಮಗೆ ಮೂವರಿಗೂ ಇದು ಗೊತ್ತಿತ್ತು. ನಮಗೆ ಎಷ್ಟು ಗೊತ್ತಿತ್ತು ಅಂದರೆ, ಅದನ್ನು ಬರೆಯಬೇಕು ಅಂತಲೇ ತೋಚಲಿಲ್ಲ. ರೀಡ್‌ಮಿಯಲ್ಲಿ ಇಎಫ್ ಕೋರ್ ಆವೃತ್ತಿಯ ಮಾತೇ ಇರಲಿಲ್ಲ.

ಪ್ಯಾಕೇಜ್ ಕೂಡ ತಡೆಯಲಿಲ್ಲ

ಕೆಟ್ಟ ಸಾಲೊಂದೇ ಆಗಿದ್ದರೆ ಇಷ್ಟು ನಷ್ಟ ಆಗುತ್ತಿರಲಿಲ್ಲ. ನಮ್ಮ ಪ್ಯಾಕೇಜ್ ಫೈಲಿನಲ್ಲಿ ಇಎಫ್ ಕೋರ್ ಅವಲಂಬನೆಯನ್ನು ‘8.0.0’ ಎಂದಷ್ಟೇ ಬರೆದಿದ್ದೆವು. ನೋಡುವ ಕಣ್ಣಿಗೆ ಅದು 8 ಎಂದು ಕಾಣುತ್ತದೆ. ಡಾಟ್‌ನೆಟ್ ಪ್ಯಾಕೇಜುಗಳನ್ನು ತಂದು ಜೋಡಿಸುವ ನ್ಯೂಗೆಟ್ ಅದನ್ನು ಓದುವುದು ‘8.0.0 ಅಥವಾ ಅದಕ್ಕಿಂತ ಹೊಸದು’ ಎಂದು. ಮೇಲಕ್ಕೆ ಮಿತಿಯೇ ಇಲ್ಲ. ಹಾಗಾಗಿ ಬಳಕೆದಾರರು 9 ಹಾಕಿದಾಗ ಅದು ಬಾಯಿ ಬಿಡಲಿಲ್ಲ. ರೀಡ್‌ಮಿ ಮಾಡಿದ ತಪ್ಪನ್ನೇ ಪ್ಯಾಕೇಜೂ ಮಾಡಿತು.

ಮೇಲ್ಮಿತಿ ಹಾಕಿದ್ದರೆ? ಇದನ್ನು ಒಂದು ಖಾಲಿ ಪ್ರಾಜೆಕ್ಟಿನಲ್ಲಿ ಕೂತು ಮಾಡಿ ನೋಡಿದೆ. 8.0.0ರಿಂದ 9.0.0ರ ಒಳಗೆ ಎಂದು ಮಿತಿ ಹಾಕಿ, ಪ್ರಾಜೆಕ್ಟಿನಲ್ಲಿ ನೇರವಾಗಿ ಇಎಫ್ ಕೋರ್ 9 ಸೇರಿಸಿದರೆ ಎನ್‌ಯು1608 ಎಂಬ ವಾರ್ನಿಂಗ್ ಬರುತ್ತದೆ. ವಾರ್ನಿಂಗ್ ಮಾತ್ರ, ಬಿಲ್ಡ್ ನಿಲ್ಲುವುದಿಲ್ಲ. ಪ್ರಾಜೆಕ್ಟ್ ನೇರವಾಗಿ ಕೇಳಿದ್ದೇ ನಡೆಯಬೇಕು ಅನ್ನುವುದು ನ್ಯೂಗೆಟ್ ನಿಯಮ. ಅದೇ 9 ಬೇರೊಂದು ಪ್ಯಾಕೇಜಿನ ಬೆನ್ನಿಗೆ ಬಂದರೆ ಎನ್‌ಯು1107 ಎಂಬ ಎರರ್ ಬಂದು ಬಿಲ್ಡ್ ನಿಲ್ಲುತ್ತದೆ. ಆದರೆ ಆ ಎರರ್ ಕೊಡುವ ಸಲಹೆ ಏನು ಗೊತ್ತಾ? ಆ ಪ್ಯಾಕೇಜನ್ನು ಪ್ರಾಜೆಕ್ಟಿಗೆ ನೇರವಾಗಿ ಸೇರಿಸಿ ಅನ್ನುತ್ತದೆ. ಸೇರಿಸಿದರೆ ಎರರ್ ಹೋಗಿ ವಾರ್ನಿಂಗ್ ಆಗುತ್ತದೆ, ಸರ್ವರಿನಲ್ಲಿ ಮತ್ತೆ ಅದೇ ಟೈಪ್‌ಲೋಡ್‌ಎಕ್ಸೆಪ್ಷನ್. ಹಾಗಾಗಿ ಮಿತಿ ಬೇಕೇ ಬೇಕು, ಆದರೆ ಅದೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಮಿತಿ ಯಾಕೆ ಅಂತ ದಾಖಲೆಯಲ್ಲೂ ಹೇಳಬೇಕು. ಎನ್‌ಯು1608ನ್ನು ಎರರ್ ಆಗಿ ಬದಲಾಯಿಸಿಕೊಳ್ಳುವ ಒಂದು ಸಾಲಿನ ಸೆಟ್ಟಿಂಗನ್ನು ಈಗ ನಮ್ಮ ಹೊಸ ಹೊಂದಾಣಿಕೆ ಪಟ್ಟಿಯ ಕೆಳಗೇ ಕೊಟ್ಟಿದ್ದೇವೆ.

ಮಿತಿಯಲ್ಲೂ ಒಂದು ಸೂಕ್ಷ್ಮ ಇದೆ. ‘9.0.0ರ ಒಳಗೆ’ ಎಂದು ಬರೆದರೆ 9ರ ಪ್ರಿವ್ಯೂಗಳು (ಬಿಡುಗಡೆಗೆ ಮೊದಲಿನ ಪ್ರಯೋಗದ ಆವೃತ್ತಿಗಳು) ನುಸುಳಿ ಬರುತ್ತವೆ, ಯಾಕಂದರೆ ಕ್ರಮದಲ್ಲಿ 9.0.0-ಪ್ರಿವ್ಯೂ ಅನ್ನುವುದು 9.0.0ಕ್ಕಿಂತ ಮೊದಲು ಬರುತ್ತದೆ. ಅದಕ್ಕೇ ಕೆಲವು ಪ್ರೊವೈಡರುಗಳು ಮೇಲಿನ ತುದಿಯನ್ನು 8.0.999 ಎಂದು ಬರೆಯುತ್ತವೆ. ಮೊದಲ ಸಲ ನೋಡಿದಾಗ ವಿಚಿತ್ರ ಅನ್ನಿಸಿತ್ತು. ಈಗ ನಾವೂ ಹಾಗೇ ಬರೆಯುತ್ತೇವೆ.

ಪಟ್ಟಿಯನ್ನು ತಿರುಗಿಸಿದ್ದು

ರೀಡ್‌ಮಿಯ ಆ ಒಂದು ಸಾಲಿನ ಬದಲು ಹೊಂದಾಣಿಕೆ ಪಟ್ಟಿಯನ್ನೇ ಕೊಡಲು ಹೊರಟೆವು. ಮೊದಲು ಮಾಡಿದ ಪಟ್ಟಿ ನಮಗೆ ಚೆನ್ನಾಗಿ ಕಂಡಿತು. ಎಡಗಡೆ ನಮ್ಮ ಲೈಬ್ರರಿಯ ಆವೃತ್ತಿ, ಬಲಗಡೆ ಅದಕ್ಕೆ ಹೊಂದುವ ಇಎಫ್ ಕೋರ್. ನಮ್ಮ 3 ಅಂದರೆ ಇಎಫ್ ಕೋರ್ 6. ನಮ್ಮ 4 ಅಂದರೆ ಇಎಫ್ ಕೋರ್ 8. ಕಳಿಸುವ ಮುಂಚೆ ದೂರು ಬರೆದವರಿಗೇ ಅದನ್ನು ತೋರಿಸಿದೆ. ಅವರ ಉತ್ತರ ಹೀಗಿತ್ತು: ‘ನನ್ನ ಕೈಯಲ್ಲಿರೋದು ಇಎಫ್ ಕೋರ್. ನಿಮ್ಮದು ಯಾವುದು ಬೇಕು ಅನ್ನೋದೇ ನನ್ನ ಪ್ರಶ್ನೆ. ನಿಮ್ಮ ಪಟ್ಟಿ ಉಲ್ಟಾ ಇದೆ.’

ಈ ಮಾತಿನಿಂದ ನನಗೆ ಕಣ್ಣು ತೆರೆಯಿತು. ನಮ್ಮ ಆವೃತ್ತಿ ನಮಗೆ ಮುಖ್ಯ, ನಾವು ಅದನ್ನೇ ಹೆತ್ತು ಹೊತ್ತು ಬೆಳೆಸಿದವರು. ಬರುವವರಿಗೆ ಅದು ಉತ್ತರ, ಪ್ರಶ್ನೆ ಅಲ್ಲ. ಅವರ ಕೈಯಲ್ಲಿ ಇರುವುದು ಎಡಗಡೆ ಇರಬೇಕು, ಅವರಿಗೆ ಬೇಕಾದದ್ದು ಬಲಗಡೆ. ಕಾಲಂ ಅದಲು ಬದಲು ಮಾಡಿದರೆ ಮುಗಿಯಿತಲ್ಲ ಅಂದುಕೊಂಡೆ. ಮುಗಿಯಲಿಲ್ಲ. ತಿರುಗಿಸಿದ ಕೂಡಲೇ ಇಎಫ್ ಕೋರ್ 7ರ ಮುಂದೆ ಖಾಲಿ ಜಾಗ ಎದ್ದು ಕಂಡಿತು. 7ಕ್ಕೆ ನಾವು ಯಾವ ಆವೃತ್ತಿಯನ್ನೂ ಹೊರತಂದೇ ಇಲ್ಲ. ಹಳೆಯ ಪಟ್ಟಿಯಲ್ಲಿ ಅದು ಕಾಣುತ್ತಲೇ ಇರಲಿಲ್ಲ. 6 ಇದೆ, 8 ಇದೆ, 7 ನಡುವೆ ಎಲ್ಲೋ ನಡೆದೀತು ಅಂತ ಓದುವವರೇ ಊಹಿಸಿಕೊಳ್ಳಬೇಕಿತ್ತು. ಹೊಸ ಪಟ್ಟಿಯಲ್ಲಿ ಆ ಸಾಲನ್ನು ಉಳಿಸಿ, ಮುಂದೆ ‘ಇಲ್ಲ’ ಎಂದು ಬರೆದೆವು. ಪಕ್ಕದಲ್ಲಿ ಒಂದು ಮಾತು: 7ರ ಬೆಂಬಲ 2024ರ ಮೇನಲ್ಲೇ ಮುಗಿದಿದೆ, 8ಕ್ಕೆ ಹೋಗಿ.

‘ಇಲ್ಲ’ ಎಂದು ಬರೆಯಲು ಜೊತೆಗಾರರು ಹಿಂದೆ ಮುಂದೆ ನೋಡಿದರು. ಲೈಬ್ರರಿಯ ಮುಖಪುಟದಲ್ಲಿ ‘ಇಲ್ಲ’ ಚೆನ್ನಾಗಿ ಕಾಣುತ್ತದಾ ಅಂತ. ನನ್ನ ಅಭಿಪ್ರಾಯ ಬೇರೆ. ಖಾಲಿ ಜಾಗ ನೋಡಿದವರು ಒಂದು ಸಂಜೆ ಕಳೆದು ತಾವೇ ಪ್ರಯತ್ನಿಸಿ ಸೋಲುತ್ತಾರೆ. ‘ಇಲ್ಲ’ ನೋಡಿದವರು ಒಂದು ನಿಮಿಷದಲ್ಲಿ ಬೇರೆ ದಾರಿ ಹಿಡಿಯುತ್ತಾರೆ. ಅವರ ಆ ಸಂಜೆ ಉಳಿಸುವುದು ನಮ್ಮ ಕೆಲಸ.

ಇನ್ನೊಂದು ಜಗಳ ‘ನಡೆಯಬಹುದು’ ಅನ್ನುವ ಪದದ ಬಗ್ಗೆ. ‘ಪರೀಕ್ಷಿಸಿದೆ’, ‘ನಡೆಯಬಹುದು’, ‘ಇಲ್ಲ’ ಎಂದು ಮೂರು ಬಗೆ ಇರಲಿ ಅಂತ ಒಬ್ಬರು. ನಾನು ಬೇಡ ಅಂದೆ. ‘ನಡೆಯಬಹುದು’ ಅನ್ನುವುದನ್ನು ಬರೆದವರು ಎಚ್ಚರಿಕೆ ಅಂದುಕೊಂಡಿರುತ್ತಾರೆ, ಓದಿದವರು ಅನುಮತಿ ಅಂದುಕೊಳ್ಳುತ್ತಾರೆ. ಕೊನೆಗೆ ಆ ಪದ ಹೋಯಿತು. ಈಗ ‘ಇಲ್ಲ’ ಬಿಟ್ಟರೆ ಪಟ್ಟಿಗೆ ಬರುವುದು ನಾವು ಓಡಿಸಿ ನೋಡಿದ ಜೋಡಿ ಮಾತ್ರ.

ಓಡಿಸಿ ನೋಡುವುದು ಅಂದರೆ ಏನು ಎಂದೂ ತೀರ್ಮಾನ ಮಾಡಬೇಕಾಯಿತು. ಇಎಫ್ ಕೋರ್ ತಂಡ ಪ್ರೊವೈಡರ್ ಬರೆಯುವವರಿಗಾಗಿಯೇ ಸ್ಪೆಸಿಫಿಕೇಶನ್ ಟೆಸ್ಟುಗಳ ಪ್ಯಾಕೇಜನ್ನು ಕೊಡುತ್ತದೆ. ಅದನ್ನು ನಮ್ಮ ಡೇಟಾಬೇಸಿನ ಮೇಲೆ ಓಡಿಸಿ, ಫಲಿತಾಂಶ ಹಸಿರಾದರೆ ಆ ಸಾಲನ್ನು ಸ್ಕ್ರಿಪ್ಟ್ ತಾನೇ ಬರೆಯುತ್ತದೆ, ಪಕ್ಕದಲ್ಲಿ ಪರೀಕ್ಷಿಸಿದ ಪ್ಯಾಚ್ (ಸಣ್ಣ ತಿದ್ದುಪಡಿಯ) ಆವೃತ್ತಿ ಮತ್ತು ತಾರೀಖಿನ ಸಮೇತ. ಕೈಯಲ್ಲಿ ತಿದ್ದುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. 5.0 ಆದ ಮೇಲೆ ಇಎಫ್ ಕೋರ್‌ನಲ್ಲಿ ಮೈನರ್ ಆವೃತ್ತಿಗಳು ಬಂದಿಲ್ಲ, ಮೇಜರ್ ಮತ್ತು ಪ್ಯಾಚ್ ಅಷ್ಟೇ. ಪ್ಯಾಚ್ ಬಂದಾಗಲೂ ಟೆಸ್ಟ್ ಓಡಿಸುತ್ತೇವೆ. ನಮ್ಮ ಕೋಡು ಎರಡು ಮೂರು ಕಡೆ ಫ್ರೇಮ್‌ವರ್ಕಿನ ಇಂಟರ್ನಲ್ ಕ್ಲಾಸುಗಳನ್ನು ಮುಟ್ಟುತ್ತದೆ. ಇಎಫ್1001 ವಾರ್ನಿಂಗ್ ಇರುವುದೇ ಅದನ್ನು ನೆನಪಿಸಲು: ಇವು ಯಾವಾಗ ಬೇಕಾದರೂ ಬದಲಾಗಬಹುದು ಎಂದು.

ಪ್ರಿವ್ಯೂಗಳ ಮೇಲೂ ಈಗ ಟೆಸ್ಟ್ ಓಡುತ್ತದೆ. 9ರ ಪ್ರಿವ್ಯೂಗಳು 2024ರ ಫೆಬ್ರವರಿಯಿಂದಲೇ ಬರುತ್ತಿದ್ದವು. ಅವುಗಳ ಮೇಲೆ ಓಡಿಸುತ್ತಾ ಬಂದಿದ್ದರೆ ಆ ಬೀಗದ ವಿಷಯ ಬಿಡುಗಡೆಗೆ ಮೊದಲೇ ನಮ್ಮ ಕಣ್ಣಿಗೆ ಬೀಳುತ್ತಿತ್ತು.

ಲೋಡ್ ಆದ ಮಾತ್ರಕ್ಕೆ ಮುಗಿಯಲಿಲ್ಲ

ಪಟ್ಟಿಯಲ್ಲಿ ಮೂರನೇ ಕಾಲಂ ಡೇಟಾಬೇಸ್ ಸರ್ವರಿನ ಆವೃತ್ತಿ. ಇದು ಯಾಕೆ ಬೇಕು ಅನ್ನುವವರಿಗೆ ನಾನು ಕೊಡುವ ಉದಾಹರಣೆ ಎಸ್‌ಕ್ಯೂಎಲ್ ಸರ್ವರ್‌ದು. ಇಎಫ್ ಕೋರ್ 8ರಲ್ಲಿ, ಒಂದು ಪಟ್ಟಿಯಲ್ಲಿ ಮೌಲ್ಯ ಇದೆಯೇ ಎಂದು ಕೇಳುವ ‘ಕಂಟೇನ್ಸ್’ ಕ್ವೆರಿಯನ್ನು ಓಪನ್‌ಜೇಸನ್ ಎಂಬ ಎಸ್‌ಕ್ಯೂಎಲ್ ಸರ್ವರ್ ಫಂಕ್ಷನ್ ಬಳಸಿ ಅನುವಾದ ಮಾಡತೊಡಗಿದರು. ಓಪನ್‌ಜೇಸನ್ ಇರುವುದು ಎಸ್‌ಕ್ಯೂಎಲ್ ಸರ್ವರ್ 2016ರಿಂದ, ಅದೂ ಡೇಟಾಬೇಸಿನ ಕಂಪ್ಯಾಟಿಬಿಲಿಟಿ ಲೆವೆಲ್ (ಯಾವ ಕಾಲದ ಸರ್ವರಿನ ಹಾಗೆ ನಡೆಯಬೇಕು ಅನ್ನುವ ಸೆಟ್ಟಿಂಗ್) ಕನಿಷ್ಠ 130 ಇದ್ದರೆ. ಸರ್ವರ್ ಹೊಸದಿದ್ದು ಡೇಟಾಬೇಸಿನ ಲೆವೆಲ್ ಮಾತ್ರ ಹಳೆಯದು ಇದ್ದರೂ ಕ್ವೆರಿ ಬೀಳುತ್ತದೆ. ಇಲ್ಲಿ ಪ್ರೊವೈಡರ್ ಸರಿಯಾಗಿ ಲೋಡ್ ಆಗಿದೆ, ಆವೃತ್ತಿಗಳೂ ಹೊಂದಿವೆ. ಬದಲಾಗಿದ್ದು ಅದು ಬರೆಯುವ ಎಸ್‌ಕ್ಯೂಎಲ್. ಫ್ರೇಮ್‌ವರ್ಕ್ ಮತ್ತು ಲೈಬ್ರರಿ ಹೊಂದಿದರೆ ಸಾಲದು, ಸರ್ವರೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಬೆಂಬಲ ಮುಗಿಯುವ ತಾರೀಖಿಗೂ ಒಂದು ಕಾಲಂ ಹಾಕಿದ್ದೆವು. ಅದನ್ನು ಆಮೇಲೆ ತೆಗೆದೆವು. ಡಾಟ್‌ನೆಟ್ 9ಕ್ಕೆ 18 ತಿಂಗಳು ಎಂದು ಲೆಕ್ಕ ಹಾಕಿ 2026ರ ಮೇ ಎಂದು ಬರೆದಿದ್ದೆವು. 2025ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಆ ಅವಧಿಯನ್ನು 24 ತಿಂಗಳಿಗೆ ಏರಿಸಿತು, ತಾರೀಖು 2026ರ ನವೆಂಬರ್ 10ಕ್ಕೆ ಹೋಯಿತು. ನಮ್ಮ ಪಟ್ಟಿ ರಾತ್ರೋರಾತ್ರಿ ಹಳತಾಯಿತು. ಬೇರೆಯವರು ತೀರ್ಮಾನಿಸುವ ವಿಷಯವನ್ನು ನಾವು ನಕಲು ಮಾಡಿ ಇಟ್ಟುಕೊಂಡರೆ ಹೀಗೇ ಆಗುವುದು. ಈಗ ಅಲ್ಲಿ ಅವರ ಪುಟದ ಲಿಂಕ್ ಮಾತ್ರ ಇದೆ. 7ರ ಸಾಲಿನಲ್ಲಿರುವ ತಾರೀಖು ಹಾಗೇ ಉಳಿದಿದೆ, ಅದು ಕಳೆದುಹೋದ ದಿನ.

ರೀಡ್‌ಮಿ ಹೆಪ್ಪುಗಟ್ಟುವುದು

ಕೊನೆಗೆ ಉಳಿದದ್ದು ಹಳೆಯ ಪ್ಯಾಕೇಜುಗಳು. ನ್ಯೂಗೆಟ್‌ಗೆ ಒಮ್ಮೆ ಏರಿಸಿದ ಪ್ಯಾಕೇಜನ್ನು ತಿದ್ದಲು ಬರುವುದಿಲ್ಲ. ಅದರ ರೀಡ್‌ಮಿಯೂ ಪ್ಯಾಕೇಜಿನ ಒಳಗೇ ಇರುವುದರಿಂದ ಅದಕ್ಕೂ ಇದೇ ನಿಯಮ. ರೆಪಾಸಿಟರಿಯಲ್ಲಿ ರೀಡ್‌ಮಿ ತಿದ್ದಿ ನಿಟ್ಟುಸಿರು ಬಿಟ್ಟ ಮರುದಿನ ನನಗೆ ಇದು ಹೊಳೆಯಿತು. ಪ್ಯಾಕೇಜ್ ಪುಟ ತೆರೆದು ನೋಡಿದರೆ ಅದೇ ಹಳೆಯ ಸಾಲು, ‘ಡಾಟ್‌ನೆಟ್ 8 ಮತ್ತು ಮೇಲಿನದು’.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು. ಪ್ಯಾಕೇಜಿನ ಒಳಗಿನ ರೀಡ್‌ಮಿ ತನ್ನ ಬಗ್ಗೆ ಮಾತ್ರ ಮಾತಾಡಬೇಕು: ‘ಈ ಆವೃತ್ತಿ ಇಎಫ್ ಕೋರ್ 8ಕ್ಕೆ. 9ಕ್ಕೆ ಅಲ್ಲ. ಪೂರ್ತಿ ಪಟ್ಟಿ ಇಲ್ಲಿದೆ.’ ಮುಂದೆ ಬರುವುದರ ಬಗ್ಗೆ ಅಲ್ಲಿ ಒಂದು ಅಕ್ಷರವೂ ಬೇಡ, ಆಮೇಲೆ ತಿದ್ದಲು ಆಗುವುದಿಲ್ಲವಲ್ಲ. ಬದಲಾಗುವ ಪಟ್ಟಿ ಇರುವುದು ಒಂದೇ ಕಡೆ, ನಾವು ತಿದ್ದಬಲ್ಲ ಪುಟದಲ್ಲಿ. ಎರಡು ಕಡೆ ಇಟ್ಟರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ ಆಗುತ್ತದೆ.

ಮೇಲ್ಮಿತಿ ಹಾಕಿದ ಹೊಸ ಪ್ಯಾಚನ್ನು 4ರ ಸಾಲಿಗೇ ಹೊರತಂದೆವು. ಅದಕ್ಕಿಂತ ಹಳೆಯ 4ಗಳನ್ನು ಡೆಪ್ರಿಕೇಟ್ (ಇನ್ನು ಬಳಸಬೇಡಿ) ಎಂದು ಗುರುತು ಹಾಕಿ, ಯಾವುದಕ್ಕೆ ಹೋಗಬೇಕು ಎಂದು ತೋರಿಸಿದೆವು. ಇಎಫ್ ಕೋರ್ 9ಕ್ಕೆ ಮಾಡಿದ ಆವೃತ್ತಿಗೆ 5 ಅಂತ ಹೆಸರಿಡದೆ ನೇರವಾಗಿ 9 ಎಂದೇ ಕರೆದೆವು. ಬೇರೆ ಎಷ್ಟೋ ಪ್ರೊವೈಡರುಗಳು ಮೊದಲಿನಿಂದ ಹೀಗೇ ಮಾಡುತ್ತಾ ಬಂದಿವೆ. ನಾವು ತಡವಾಗಿ ಆ ಸಾಲಿಗೆ ಸೇರಿದೆವು. 4ರಿಂದ 9ಕ್ಕೆ ಹಾರಿದ್ದು ಯಾಕೆ ಎಂದು ಈಗಲೂ ಆಗಾಗ ಪ್ರಶ್ನೆ ಬರುತ್ತದೆ, ಉತ್ತರ ಪಟ್ಟಿಯ ಮೇಲೇ ಬರೆದಿದ್ದೇವೆ.

ದೂರು ಬರೆದವರು 9ಕ್ಕೆ ಬಂದ ದಿನ ಮತ್ತೆ ಬರೆದರು. ಈ ಸಲ ಅವರ ಮೈಗ್ರೇಶನ್ ನಿಂತಿತ್ತು: ಮಾಡೆಲಿನಲ್ಲಿ ಮೈಗ್ರೇಶನ್‌ಗೆ ಸೇರದ ಬದಲಾವಣೆ ಉಳಿದಿದೆ ಎಂದು ಎರರ್. ಅದು 9ರ ಹೊಸ ನಡವಳಿಕೆ, ನಮ್ಮ ಲೈಬ್ರರಿಯದ್ದಲ್ಲ. ಆದರೂ ಪಟ್ಟಿಯಲ್ಲಿ 9ರ ಸಾಲಿನ ಕೆಳಗೆ ಅದನ್ನೂ ಸೇರಿಸಿದೆ. ಅವರು ಹುಡುಕಿಕೊಂಡು ಬಂದದ್ದು ನಮ್ಮ ಪುಟಕ್ಕೆ ತಾನೇ.